ಸೋಲಿಸಿದವರ ಮೇಲೆಲ್ಲ ಸಿಟ್ಟಿಲ್ಲ

ತಪ್ಪು ಕಲ್ಪನೆ: ನಮ್ಮನ್ನು ಸೋಲಿಸುವ ತಂಡವನ್ನೇ ನಾವು ಹೆಚ್ಚು ದ್ವೇಷಿಸುತ್ತೇವೆ.

ನಮ್ಮ ಕೆಜಿಎಫ್‌ನ ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಫುಟ್‌ಬಾಲ್ ಮಾತೆದ್ದರೆ ಈ ವಾದ ಬಂದೇ ಬರುತ್ತದೆ. ಆದರೆ ಲೆಕ್ಕ ಕೂಡುವುದಿಲ್ಲ. ನಮ್ಮ ಬೆಂಗಳೂರು ಎಫ್‌ಸಿಯ ಬಾಯಿಗೆ ಬಂದ ತುತ್ತನ್ನು ಮೋಹನ್ ಬಗಾನ್ ಮೂರು ಸಲ ಕಿತ್ತುಕೊಂಡಿದೆ. 2015ರ ಮೇ 31ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಗೆದ್ದಿದ್ದರೆ ಐ-ಲೀಗ್ ನಮ್ಮದು; ಪಂದ್ಯ ಮುಗಿಯಲು ಕೆಲವೇ ನಿಮಿಷವಿದ್ದಾಗ ಬಗಾನ್‌ನ ಬೆಲ್ಲೊ ರಜಾಕ್ ಹೆಡರ್‌ನಿಂದ 1–1 ಆಯಿತು, ಕಪ್ ಕೋಲ್ಕತ್ತಕ್ಕೆ ಹೋಯಿತು. 2023ರ ಐಎಸ್‌ಎಲ್ ಫೈನಲ್ ಪೆನಾಲ್ಟಿಯಲ್ಲಿ, 2025ರದು 2–1ರಲ್ಲಿ ಅವರ ಪಾಲಾದವು. 2023ರ ಫೈನಲ್‌ನ ತೀರ್ಪುಗಳ ಬಗ್ಗೆ ಕೋಪವಿತ್ತು, ಆದರೆ ಅದು ಹೆಚ್ಚಾಗಿ ರೆಫರಿಯ ಮೇಲೆ.

ಬಗಾನ್ ಮೇಲೆ ಗೌರವ ಉಳಿದಿರುವುದಕ್ಕೆ ಅದರ ಹಳೆಯ ಕಥೆಯೂ ಕಾರಣ. 1911ರಲ್ಲಿ, ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬರಿಗಾಲಲ್ಲಿ ಆಡಿ, ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ತಂಡ ಅದು. ಆಗ ನಮ್ಮ ಕೆಜಿಎಫ್ ಚಿನ್ನದ ಗಣಿಗಳನ್ನು ನಡೆಸುತ್ತಿದ್ದುದೂ ಬ್ರಿಟಿಷರೇ, ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ದೊರೆಗಳ ಬಂಗಲೆ ಒಂದು ಕಡೆ, ಕಾರ್ಮಿಕರ ಲೈನ್ ಮನೆಗಳು ಇನ್ನೊಂದು ಕಡೆ ಇದ್ದ ಊರಿನವರಿಗೆ ಆ ಗೆಲುವಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ.

ತಪ್ಪು ಕಲ್ಪನೆ: ಇದೆಲ್ಲ ಭಾಷೆಯ ಜಗಳ, ರಾಜ್ಯದ ಜಗಳ.

ಹಾಗಿದ್ದರೆ ಎಲ್ಲಕ್ಕಿಂತ ಹೆಚ್ಚು ಉರಿಯಬೇಕಾದದ್ದು ಚೆನ್ನೈಯಿನ್ ಎಫ್‌ಸಿ ಮೇಲೆ. 2018ರ ಮಾರ್ಚ್ 17ರ ಐಎಸ್‌ಎಲ್ ಫೈನಲ್‌ನಲ್ಲಿ ಅವರು ನಮ್ಮ ಕಂಠೀರವಕ್ಕೇ ಬಂದು 3–2ರಿಂದ ಗೆದ್ದರು. ಆ ಪೈಪೋಟಿ ಇಂದಿಗೂ ಇದೆ, ಕಹಿ ಅಷ್ಟಿಲ್ಲ. ಮನೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಆಡುವ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಭಾಷೆ ನೋಡಿ ಕ್ಲಬ್ ಹಂಚಲು ಹೊರಟರೆ ಒಂದೇ ಮನೆಯನ್ನು ಮೂರು ಪಾಲು ಮಾಡಬೇಕಾದೀತು.

ನಿಜವಾದ ಕಹಿ ಇರುವುದು ಕೇರಳ ಬ್ಲಾಸ್ಟರ್ಸ್ ಜೊತೆ, ಮತ್ತು ಅದಕ್ಕೆ ಒಂದು ಗಾಯವಿದೆ. 2023ರ ಮಾರ್ಚ್ 3, ಕಂಠೀರವ, ನಾಕೌಟ್ ಪಂದ್ಯದ ಹೆಚ್ಚುವರಿ ಸಮಯ. ಬ್ಲಾಸ್ಟರ್ಸ್ ಇನ್ನೂ ಗೋಡೆ ಕಟ್ಟುತ್ತಿರುವಾಗಲೇ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಕೋಚ್ ಇವಾನ್ ವುಕೊಮನೊವಿಚ್ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು, ಅವರು ಮರಳಲಿಲ್ಲ. ಗೆಲುವು ಬೆಂಗಳೂರಿಗೆ ಹೋಯಿತು. ಮುಂದೆ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ ಬಿತ್ತು.

ನಿಯಮದ ಪ್ರಕಾರ, ಶಿಳ್ಳೆಗೆ ಕಾಯಿರಿ ಎಂದು ರೆಫರಿ ಸೂಚಿಸದಿದ್ದರೆ ಫ್ರೀ ಕಿಕ್ಕನ್ನು ತಕ್ಷಣ ಹೊಡೆಯಬಹುದು. ಸೂಚನೆ ಇತ್ತೇ ಇಲ್ಲವೇ ಎನ್ನುವುದೇ ಜಗಳ. ಅವರ ಕಣ್ಣಿಗೆ ಅದು ಕಳವು, ನಮ್ಮ ಕಣ್ಣಿಗೆ ಆಟ ಬಿಟ್ಟು ಹೋದದ್ದು ತಪ್ಪು. ನನ್ನ ಮಟ್ಟಿಗೆ ಛೆಟ್ರಿ ಮಾಡಿದ್ದು ಸರಿ. ಆದರೆ ಅಂದು ಹಳದಿ ಜೆರ್ಸಿ ತೊಟ್ಟು ಬಂದವನು ಮೋಸಹೋದೆ ಎಂದುಕೊಂಡೇ ಕೊಚ್ಚಿಗೆ ಮರಳಿದ ಎಂಬುದನ್ನೂ ಒಪ್ಪಬೇಕು. ನ್ಯಾಯವಾಗಿ ಸೋತೆವು ಎನಿಸಿದರೆ ಮನಸ್ಸು ತಣ್ಣಗಾಗುತ್ತದೆ, ಅನ್ಯಾಯವಾಯಿತು ಎನಿಸಿದರೆ ಆಗುವುದಿಲ್ಲ.

ತಪ್ಪು ಕಲ್ಪನೆ: ದ್ವೇಷ ಇದ್ದಲ್ಲಿ ಗೌರವ ಇರದು.

2005ರ ನವೆಂಬರ್‌ನಲ್ಲಿ ಬಾರ್ಸಿಲೋನಾದ ರೊನಾಲ್ಡಿನೊ ಎರಡು ಗೋಲು ಹೊಡೆದಾಗ ರಿಯಲ್ ಮ್ಯಾಡ್ರಿಡ್ ಅಭಿಮಾನಿಗಳೇ ತಮ್ಮ ಬೆರ್ನಬೆವು ಮೈದಾನದಲ್ಲಿ ಎದ್ದುನಿಂತು ಚಪ್ಪಾಳೆ ತಟ್ಟಿದರು. ಅದಕ್ಕೆ ಮೂರು ವರ್ಷ ಹಿಂದೆ, ಬಾರ್ಸಿಲೋನಾ ಬಿಟ್ಟು ಮ್ಯಾಡ್ರಿಡ್ ಸೇರಿದ್ದ ಫಿಗೊ ಮೇಲೆ ಬಾರ್ಸಿಲೋನಾದವರು ಹಂದಿಯ ತಲೆ ಎಸೆದಿದ್ದರು. ಕ್ಲಬ್‌ಗಳು ಅವೇ, ಹಗೆಯೂ ಅದೇ. ಪ್ರತಿಭೆಗೆ ಚಪ್ಪಾಳೆ ಸಿಕ್ಕಿತು, ದ್ರೋಹಕ್ಕೆ ಸಿಗಲಿಲ್ಲ. ಕೋಲ್ಕತ್ತದಲ್ಲಂತೂ 2024ರ ಆಗಸ್ಟ್ 18ರ ಡ್ಯುರಾಂಡ್ ಕಪ್ ಡರ್ಬಿ ರದ್ದಾದಾಗ, ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ವೈದ್ಯೆಗೆ ನ್ಯಾಯ ಕೇಳಲು ಬಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಮೂರೂ ಕ್ಲಬ್‌ಗಳ ಅಭಿಮಾನಿಗಳು ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಒಟ್ಟಾಗಿ ನಿಂತರು. ಪೊಲೀಸರ ಲಾಠಿ ಏಟನ್ನೂ ಒಟ್ಟಿಗೇ ತಿಂದರು.