ಪ್ಲಗ್ ಕರಗಿದ್ದು ಯಾಕೆ?

ಡಿಸೆಂಬರ್ ಚಳಿ. ಬಿಟಿಎಂ ಲೇಔಟ್‌ನ ನಮ್ಮ ಪಿಜಿಯಲ್ಲಿ ಗೀಸರ್ ಕೆಟ್ಟಿತ್ತು. ಬೆಳಿಗ್ಗೆ ಇಂಟರ್ನಲ್ಸ್ ಬೇರೆ. ರೂಮಿನ ಮೂವರೂ ದುಡ್ಡು ಹಾಕಿ 1500 ವ್ಯಾಟ್‌ನ ಹೀಟರ್ ರಾಡ್ ತಂದೆವು. ಅದರ ದಪ್ಪ ಪಿನ್ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಿಡಿಸಲಿಲ್ಲ. ಕನ್ವರ್ಟರ್ ಪ್ಲಗ್ ಹಾಕಿ ಸಿಕ್ಕಿಸಿದ್ದಾಯ್ತು. ಮೂರು ದಿನ ನೀರು ಚೆನ್ನಾಗೇ ಕಾಯ್ತು. ನಾಲ್ಕನೇ ದಿನ ಸುಟ್ಟ ವಾಸನೆ! ನೋಡಿದರೆ ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕರಗಿ ಕಪ್ಪಾಗಿತ್ತು. ಎಂಸಿಬಿ ಮಾತ್ರ ಬಿದ್ದಿರಲಿಲ್ಲ.

ಫಸ್ಟ್ ಇಯರ್‌ನಲ್ಲಿ ಓಮ್ ನಿಯಮ ಬರೆದು ಮಾರ್ಕ್ಸ್ ತಗೊಂಡವರೇ ನಾವು. ಆ ಲೆಕ್ಕವನ್ನು ಈಗ ಮಾಡೋಣ.

ಬೇಕಾಗಿರೋದು ಎರಡೇ ಸೂತ್ರ:

ರೋಧ = ವೋಲ್ಟೇಜ್ ÷ ಕರೆಂಟ್
ಪವರ್ = ವೋಲ್ಟೇಜ್ × ಕರೆಂಟ್

ಮನೆಗೆ ಬರುವುದು 230 ವೋಲ್ಟ್. 1500 ÷ 230 = 6.5 ಆಂಪಿಯರ್. ರೋಧ 230 ÷ 6.5, ಅಂದರೆ ಸುಮಾರು 35 ಓಮ್. ಬೋರ್ಡಿನ ಹಿಂದೆ ಸಣ್ಣಕ್ಷರದಲ್ಲಿ ಬರೆದಿದ್ದು 6 ಆಂಪಿಯರ್! ಅಲ್ಲಿಗೇ ಮಿತಿ ದಾಟಿದ್ದೆವು.

ಇಲ್ಲೊಂದು ತಪ್ಪು ಎಲ್ಲರೂ ಮಾಡ್ತೀವಿ. ವೋಲ್ಟೇಜ್ 200ಕ್ಕೆ ಇಳಿದರೆ? 1500 ÷ 200 = 7.5 ಅಂತ ಬರೆದುಬಿಡ್ತೀವಿ. ಆದರೆ ರಾಡ್‌ನಲ್ಲಿ ಹೆಚ್ಚುಕಡಿಮೆ ಬದಲಾಗದೆ ಇರುವುದು ಪವರ್ ಅಲ್ಲ, ರೋಧ. ಹಾಗಾಗಿ ಕರೆಂಟ್ 200 ÷ 35 = 5.7ಕ್ಕೆ ಇಳಿಯುತ್ತೆ, ಪವರ್ ಸುಮಾರು 1140 ವ್ಯಾಟ್ ಆಗುತ್ತೆ. ನೀರು ಕಾಯೋದು ನಿಧಾನವಾಗುತ್ತೆ, ಅಷ್ಟೇ.

ಹಾಗಾದರೆ ಪ್ಲಗ್ ಕರಗಿಸಿದ್ದು ಯಾರು? ಎರಡೂ ಸೂತ್ರ ಸೇರಿಸಿದರೆ: ಪವರ್ = ಕರೆಂಟ್ × ಕರೆಂಟ್ × ರೋಧ. ಸಡಿಲವಾಗಿ ಕೂತ ಪಿನ್‌ನಲ್ಲಿ ಬರೀ ಅರ್ಧ ಓಮ್ ರೋಧ ಇದೆ ಅಂದುಕೊಳ್ಳಿ. 6.5 × 6.5 × 0.5 = 21 ವ್ಯಾಟ್. ಲ್ಯಾಬಿನ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟ್. ಅಂಥದ್ದೊಂದನ್ನು ಪ್ಲಾಸ್ಟಿಕ್ ಒಳಗೆ ದಿನಾ ಉರಿಸುತ್ತಿದ್ದೆವು! ಅದೇ ಪಿನ್‌ನಲ್ಲಿ ಅರ್ಧ ಆಂಪಿಯರ್ ಎಳೆಯುವ ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ್ದರೆ ಬರೀ 0.125 ವ್ಯಾಟ್. ಕರೆಂಟ್ 13 ಪಟ್ಟು, ಬಿಸಿ 169 ಪಟ್ಟು. ಎಂಸಿಬಿ ನೋಡುವುದು ಒಟ್ಟು ಕರೆಂಟನ್ನು ಮಾತ್ರ. ಯಾವ ಪಿನ್ ಬಿಸಿಯಾಗಿದೆ ಅಂತ ಅದಕ್ಕೆ ಗೊತ್ತಾಗಲ್ಲ.

ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದವರ ಮುಂದೆಯೂ ಇದ್ದದ್ದು ಇದೇ ಲೆಕ್ಕ. ಅಷ್ಟು ದೂರದ ತಂತಿಯಲ್ಲೇ ಪವರ್ ಬಿಸಿಯಾಗಿ ಪೋಲಾಗಬಾರದು. ವೋಲ್ಟೇಜ್ ಎರಡು ಪಟ್ಟು ಮಾಡಿದರೆ ಅಷ್ಟೇ ಪವರ್‌ಗೆ ಕರೆಂಟ್ ಅರ್ಧ ಸಾಕು, ನಷ್ಟ ಕಾಲು ಭಾಗ. ಅದಕ್ಕೇ ಹೈ ವೋಲ್ಟೇಜ್ ಲೈನ್. 1905ರಲ್ಲಿ ಬೆಂಗಳೂರಿಗೆ ದೀಪ ಬಂದದ್ದೂ ಅಲ್ಲಿಂದಲೇ.

ಒಂದು ಮಾತು: ಈ ಲೆಕ್ಕ ರಾಡ್, ಗೀಸರ್, ಇಸ್ತ್ರಿ ಪೆಟ್ಟಿಗೆಗೆ ನೇರವಾಗಿ ಹೊಂದುತ್ತೆ. ಫ್ಯಾನ್, ಮಿಕ್ಸಿಗೆ ಪವರ್ ಫ್ಯಾಕ್ಟರ್ ಕೂಡ ಗುಣಿಸಬೇಕು.

ಈಗ ನಮ್ಮ ರಾಡ್ 16 ಆಂಪಿಯರ್ ಸಾಕೆಟ್‌ನಲ್ಲಿದೆ. ದಪ್ಪ ಪಿನ್ ಹಿಡಿಸದೇ ಇದ್ದದ್ದೇ ಎಚ್ಚರಿಕೆ ಆಗಿತ್ತು; ನಾವು ಅದಕ್ಕೆ ಕನ್ವರ್ಟರ್ ಹುಡುಕಿದೆವು. ನೀವು ಇವತ್ತು ರೂಮಿಗೆ ಹೋದ ಮೇಲೆ ಬೋರ್ಡ್ ತಿರುಗಿಸಿ, ಹಿಂದೆ ಬರೆದಿರೋದನ್ನ ಒಂದ್ಸಲ ಓದಿ.