ನೆರಳಿಗೆ ಮುಖ ಬರೆಯುವವರು

ತೊಗಲುಗೊಂಬೆಯಾಟದ ಪಾತ್ರಗಳನ್ನು ದೂರದಿಂದ ನೋಡುವವರಿಗಾಗಿಯೇ ಬರೆದಿರುತ್ತಾರೆ. ಬಿಳಿ ಪರದೆ, ಅದರ ಹಿಂದೆ ದೀಪ, ದೀಪಕ್ಕೂ ಪರದೆಗೂ ನಡುವೆ ಬಟ್ಟೆಗೆ ಒತ್ತಿ ಹಿಡಿದ ಗೊಂಬೆ. ನೋಡುವ ಜನ ಪರದೆಯ ಆಚೆ ಬಯಲಿನಲ್ಲಿ ಕೂತಿರುತ್ತಾರೆ. ಹಿಂದಿನ ಸಾಲಿನವರಿಗೆ ಕಣ್ಣುಮೂಗಿನ ವಿವರ ಎಷ್ಟು ಕಂಡೀತು? ಆದರೂ ಪರದೆಯ ಅಂಚಿನಿಂದ ಒಂದು ಆಕೃತಿ ಒಳಗೆ ಬಂದ ಕೂಡಲೇ ಇವನು ಭೀಮ, ಇವಳು ಸೀತೆ, ಇವನು ಹಾಸ್ಯಗಾರ ಕಿಳ್ಳೇಕ್ಯಾತ ಎಂದು ಸಣ್ಣ ಮಕ್ಕಳಿಗೂ ಗೊತ್ತಾಗಬೇಕು. ಹೆಸರು ಹೇಳುವ ಮೊದಲೇ ಗೊತ್ತಾಗಬೇಕು. ಪಾತ್ರ ಬರೆಯುವ ವಿದ್ಯೆಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇರಲಾರದು.

ರಾಯಚೂರು ತಾಲ್ಲೂಕಿನ ಚಂದ್ರಬಂಡದಂಥ ಊರಿನಲ್ಲಿ ಚಿತ್ರ ಬರೆಯುವ ಹುಚ್ಚು ಹತ್ತಿದ ಮಕ್ಕಳಿಗೆ ಶಾಲೆಯ ಡ್ರಾಯಿಂಗ್ ಮಾಸ್ತರರು ಸಾಮಾನ್ಯವಾಗಿ ಲೋವರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಕಟ್ಟಿಸುತ್ತಾರೆ. ಎದುರಿಗಿಟ್ಟ ವಸ್ತುವನ್ನು ನೋಡಿ ಬರೆಯುವ ಶಿಸ್ತು ಅಲ್ಲಿ ಬರುತ್ತದೆ, ಅದು ಬೇಕೇ ಬೇಕು. ಆದರೆ ಕಥೆಯ ಪಾತ್ರವೊಂದನ್ನು ಬರೆಯಹೊರಟಾಗ ಎದುರಿಗೆ ಏನೂ ಇರುವುದಿಲ್ಲ. ಆಗ ಏನನ್ನು ನೋಡಿ ಬರೆಯಬೇಕು? ಮೊಬೈಲಿನಲ್ಲಿ ಹುಡುಕಿದರೆ ಸಾವಿರ ಚಿತ್ರ ಸಿಗುತ್ತವೆ, ಹೆಚ್ಚಿನವು ಒಂದನ್ನೊಂದು ನೋಡಿ ಬರೆದವು. ಒಳ್ಳೆಯ ಮಾದರಿ ಈ ಸೀಮೆಯಲ್ಲೇ ಇದೆ. ಕೊಪ್ಪಳ 1997ರವರೆಗೂ ರಾಯಚೂರು ಜಿಲ್ಲೆಯ ಭಾಗವಾಗಿತ್ತು. ಅದೇ ಕೊಪ್ಪಳದ ಮೊರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರ ವಯಸ್ಸು 96. ಹುಡುಗಿಯಾಗಿದ್ದಾಗ ಹಿಡಿದ ಗೊಂಬೆಯನ್ನು ಅವರು ಕೈಬಿಟ್ಟವರಲ್ಲ. ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ಹೊರದೇಶಗಳಿಗೂ ಒಯ್ದವರು.

ಈ ಕಲೆಯನ್ನು ಉಳಿಸಿಕೊಂಡು ಬಂದವರು ಶಿಳ್ಳೇಕ್ಯಾತ ಅಥವಾ ಕಿಳ್ಳೇಕ್ಯಾತ ಸಮುದಾಯದವರು. ಕೆಲವು ಕಡೆ ಗೊಂಬೆರಾಮರು ಎಂದೂ ಕರೆಯುತ್ತಾರೆ. ಮನೆಯಲ್ಲಿ ಮರಾಠಿಯ ಒಂದು ಬಗೆಯನ್ನು ಆಡುವ ಇವರು ಆಟವನ್ನು ಕನ್ನಡದಲ್ಲಿ ಆಡಿಸುತ್ತಾರೆ. ಮಳೆ ಹೋದ ವರ್ಷ ಊರವರೇ ಇವರನ್ನು ಕರೆಸಿ ಆಟ ಆಡಿಸುವ ರೂಢಿ ಈ ಬರಡು ಸೀಮೆಯಲ್ಲಿ ಹಿಂದಿನಿಂದ ಬಂದದ್ದು. ಗೊಂಬೆ ಮಾಡುವುದು, ಬಣ್ಣ ಹಚ್ಚುವುದು, ಹಾಡುವುದು, ಆಡಿಸುವುದು ಎಲ್ಲವೂ ಒಂದೇ ಮನೆತನದೊಳಗಿನ ಕೆಲಸ. ಹೀಗಾಗಿ ಬರೆಯುವವನಿಗೆ ತಾನು ಬರೆದ ಕೈ ಪರದೆಯ ಮೇಲೆ ಹೇಗೆ ಆಡಬೇಕೆಂಬುದು ಮೊದಲೇ ಗೊತ್ತಿರುತ್ತದೆ.

ಕೆಲಸ ಶುರುವಾಗುವುದು ತೊಗಲಿನಿಂದ. ಹೆಚ್ಚಾಗಿ ಆಡಿನ ತೊಗಲು. ಚಪ್ಪಲಿಗೆ ಹದ ಮಾಡಿದ ಚರ್ಮ ಇಲ್ಲಿ ನಡೆಯುವುದಿಲ್ಲ, ಅದರೊಳಗಿಂದ ಬೆಳಕು ಹಾಯುವುದಿಲ್ಲ. ಹಸಿ ತೊಗಲನ್ನು ನೀರಿನಲ್ಲಿ ನೆನೆಹಾಕಿ, ಕೂದಲು ತೆಗೆದು, ಒಳಮೈಗೆ ಅಂಟಿದ ಮಾಂಸದ ಪದರನ್ನು ಕತ್ತಿಯಿಂದ ಹೆರೆಯುತ್ತಾರೆ. ಹೆರೆಯುವುದರಲ್ಲೇ ಅರ್ಧ ವಿದ್ಯೆಯಿದೆ. ಕಡಿಮೆ ಹೆರೆದರೆ ತೊಗಲು ದಪ್ಪವಾಗಿ ಉಳಿದು ಬೆಳಕು ಮಂಕಾಗುತ್ತದೆ. ಒಂದೆಳೆ ಹೆಚ್ಚಾದರೆ ಅಲ್ಲಿ ಹರಿಯುತ್ತದೆ. ಎಲ್ಲ ಕಡೆ ಒಂದೇ ಸಮ ತೆಳುವಾದ ತೊಗಲನ್ನು ಬಿಗಿಯಾಗಿ ಎಳೆದು, ಸುತ್ತ ಗೂಟ ಹೊಡೆದು ಒಣಗಿಸುತ್ತಾರೆ. ಒಣಗಿದ ಮೇಲೆ ಅದು ಎಣ್ಣೆ ಸವರಿದ ಕಾಗದದ ಹಾಗೆ ಬೆಳಕಿಗೆ ಹೊಳೆಯುತ್ತದೆ, ಬೆರಳಿನಿಂದ ಬಡಿದರೆ ಟಣಟಣ ಎನ್ನುತ್ತದೆ.

ಬೆಳಕು ಹಾಯುವ ಈ ಗುಣವೇ ಕಲಿಯುವವನಿಗೆ ಗುರುವೂ ಆಗುತ್ತದೆ. ಹಳೆಯ ಗೊಂಬೆಯ ಮೇಲೆ ಹೊಸ ತೊಗಲನ್ನು ಇಟ್ಟರೆ ಕೆಳಗಿನ ಗೆರೆ ಮೇಲೆ ಕಾಣುತ್ತದೆ. ಹೊಗೆ ಕುಡಿದು, ಅಂಚು ಸವೆದು ಆಟಕ್ಕೆ ಬಾರದಂತಾದ ಗೊಂಬೆಯೂ ಮಾದರಿಯಾಗಿ ಬೆಲೆಬಾಳುವುದು ಇದರಿಂದಲೇ. ಈಗ ಕಾಗದದ ಮೇಲೆ ಬರೆದ ಮಾದರಿಯನ್ನು ಕೆಳಗಿಟ್ಟು ಗೆರೆ ಎತ್ತಿಕೊಳ್ಳುವವರೂ ಇದ್ದಾರೆ. ಗೆರೆ ಎತ್ತಿಕೊಳ್ಳುವುದು ಕಳ್ಳತನವೆಂದು ಕೆಲವರು ಹೊಸ ಮಕ್ಕಳನ್ನು ಹೆದರಿಸುತ್ತಾರೆ. ಹಾಗೆ ಹೆದರಿಸುವುದು ಸರಿಯಲ್ಲ. ತಲೆಮಾರುಗಳು ತಿದ್ದಿದ ಒಂದು ಗೆರೆಯ ಮೇಲೆ ಕೈ ಮತ್ತೆ ಮತ್ತೆ ನಡೆದಾಗ, ಮೂಗಿನ ತುದಿಯಿಂದ ತುಟಿಗೆ ಎಲ್ಲಿ ತಿರುಗಬೇಕು, ಎಷ್ಟು ಬೇಗ ತಿರುಗಬೇಕು ಎಂಬುದು ಕೈಗೇ ತಿಳಿಯುತ್ತದೆ. ಆಮೇಲೆ ಮಾದರಿಯನ್ನು ಪಕ್ಕಕ್ಕಿಟ್ಟು, ನೋಡದೆ ಬರೆದು, ಮತ್ತೆ ತಂದು ಹೋಲಿಸಿದರೆ ಎಲ್ಲಿ ತಪ್ಪಿತೆಂಬುದು ತಾನಾಗಿ ಕಾಣುತ್ತದೆ.

ಇನ್ನು ಗೆರೆಯ ವಿಷಯ. ತೊಗಲುಗೊಂಬೆಯ ಮುಖ ಹೆಚ್ಚಾಗಿ ಪಕ್ಕಕ್ಕೆ ತಿರುಗಿರುತ್ತದೆ. ಎದೆ ಮಾತ್ರ ನಮ್ಮ ಕಡೆಗೆ. ಪಾದಗಳೆರಡೂ ಮುಖ ನೋಡುವ ಕಡೆಗೇ. ನಿಜವಾದ ಮನುಷ್ಯ ಹೀಗೆ ನಿಲ್ಲುವುದಿಲ್ಲ, ಆದರೆ ನೆರಳಿಗೆ ಇದೇ ಸರಿಯಾದ ನಿಲುವು. ಎದುರಿನಿಂದ ಬರೆದ ಮುಖದ ನೆರಳು ಬರಿಯ ಒಂದು ದುಂಡು, ಮೂಗಿಲ್ಲ, ಗದ್ದವಿಲ್ಲ. ಪಕ್ಕದಿಂದ ಬರೆದರೆ ಹಣೆ, ಮೂಗು, ತುಟಿ, ಗದ್ದ ನಾಲ್ಕೂ ಅಂಚಿನಲ್ಲಿ ಕಾಣುತ್ತವೆ. ಭುಜ ಎರಡೂ ಕಾಣದಿದ್ದರೆ ಕೈ ಎರಡೂ ಆಡುವುದಿಲ್ಲ, ಆದ್ದರಿಂದ ಎದೆ ಎದುರಿಗೆ. ನಡಿಗೆಯ ದಿಕ್ಕು ತಿಳಿಯಬೇಕು, ಆದ್ದರಿಂದ ಪಾದ ಪಕ್ಕಕ್ಕೆ. ದೇಹದ ಪ್ರತಿ ಭಾಗವನ್ನೂ ಅದು ಅತಿ ಹೆಚ್ಚು ಮಾತಾಡುವ ಕಡೆಯಿಂದ ನೋಡಿ, ಆಮೇಲೆ ಎಲ್ಲವನ್ನೂ ಒಂದೇ ಮೈಯಲ್ಲಿ ಕೂಡಿಸಿದ್ದಾರೆ.

ಹಣೆಯಿಂದ ಗದ್ದದವರೆಗಿನ ಆ ಒಂದು ಗೆರೆಯಲ್ಲೇ ಪಾತ್ರದ ಗುಣ ಹೆಚ್ಚುಕಡಿಮೆ ತೀರ್ಮಾನವಾಗಿಬಿಡುತ್ತದೆ. ರಾಮ, ಲಕ್ಷ್ಮಣ, ಅರ್ಜುನರಿಗೆ ಚೂಪಾದ ನೀಳ ಮೂಗು, ಕಿವಿಯ ಕಡೆಗೆ ಎಳೆದ ಉದ್ದನೆಯ ಕಣ್ಣು. ರಾಕ್ಷಸರಿಗೆ ಉಬ್ಬಿದ ದುಂಡು ಕಣ್ಣು, ತುಟಿ ದಾಟಿದ ಕೋರೆಹಲ್ಲು. ಕಿಳ್ಳೇಕ್ಯಾತನಿಗೆ ಇವೆರಡೂ ಇಲ್ಲ. ಅವನು ಹಾಸ್ಯದ ಪಾತ್ರ, ಅವನ ಹೆಂಡತಿ ಬಂಗಾರಕ್ಕ. ಕಪ್ಪು ಮೈ, ಚಪ್ಪಟೆ ಮೂಗು, ದಪ್ಪ ತುಟಿ, ಕೆದರಿದ ಕೂದಲು, ಮುಂದಕ್ಕೆ ಬಂದ ಹೊಟ್ಟೆ. ದೇವರು ದೊರೆಗಳಿಗೆಲ್ಲ ಕಿರೀಟ, ಹಾರ, ತೋಳಬಂದಿಗಳ ನೆರವುಂಟು. ಕಿಳ್ಳೇಕ್ಯಾತ ಮಾತ್ರ ಬರಿಮೈಯ ಅಂಚಿನಿಂದಲೇ ಗುರುತು ಸಿಗಬೇಕು. ಗೊಂಬೆಗಳ ಗುಂಪಿನಲ್ಲಿ ಅತ್ಯಂತ ಜಾಣತನದಿಂದ ಬರೆದ ಪಾತ್ರ ಅವನದೇ ಎಂದು ನನಗೆ ಅನಿಸುತ್ತದೆ.

ಅಳತೆಯೂ ಒಂದು ಮಾತೇ. ಕರ್ನಾಟಕದ ಗೊಂಬೆಗಳಲ್ಲಿ ದೇವರು, ದೊರೆಗಳು ದೊಡ್ಡವು. ಆಳುಕಾಳು, ಸಾಮಾನ್ಯ ಜನ ಚಿಕ್ಕವು. ಹತ್ತಿರ, ದೂರ ಎಂಬ ಲೆಕ್ಕಕ್ಕಿಂತ ಕಥೆಯಲ್ಲಿ ಯಾರ ತೂಕ ಎಷ್ಟು ಎಂಬ ಲೆಕ್ಕ ಇಲ್ಲಿ ನಡೆಯುತ್ತದೆ.

ಗೆರೆ ಮುಗಿದ ಮೇಲೆ ಉಳಿಗಳ ಕೆಲಸ. ತೊಗಲನ್ನು ಮರದ ಹಲಗೆಯ ಮೇಲಿಟ್ಟು, ಬಾಯಿ ದುಂಡಗಿರುವ, ಚಪ್ಪಟೆಯಾಗಿರುವ ಬೇರೆ ಬೇರೆ ಉಳಿಗಳಿಂದ ತೂತು ಹೊಡೆಯುತ್ತಾರೆ. ಕೈಯಲ್ಲಿ ಹಿಡಿದು ನೋಡಿದರೆ ಅವು ಬರಿ ಅಲಂಕಾರದಂತೆ ಕಾಣುತ್ತವೆ. ದೀಪದ ಮುಂದೆ ಹಿಡಿದಾಗಲೇ ಅವುಗಳ ಕೆಲಸ ಗೊತ್ತಾಗುವುದು. ಗೊಂಬೆಯ ಮೇಲೆ ಮೂರು ಬಗೆಯ ಬೆಳಕಿದೆ. ದಪ್ಪ ಮಸಿ ಹಚ್ಚಿದ ಕಡೆ ಬೆಳಕು ಹಾಯದೆ ಪೂರಾ ಕಪ್ಪು. ತಿಳಿ ಬಣ್ಣ ಹಚ್ಚಿದ ಕಡೆ ಕೆಂಪು, ಹಸಿರು, ನೀಲಿಯ ಮೆತ್ತನೆ ಬೆಳಕು. ತೂತಿನಲ್ಲಿ ಮಾತ್ರ ದೀಪವೇ ನೇರವಾಗಿ ಬರುತ್ತದೆ, ಬಣ್ಣದ ಬೆಳಕಿಗಿಂತ ಪ್ರಖರ. ಅದಕ್ಕೇ ತೂತುಗಳ ಸಾಲು ಬರುವುದು ಹಾರದ ಮಣಿಗಳಲ್ಲಿ, ಕಿರೀಟದ ಹರಳುಗಳಲ್ಲಿ, ಸೀರೆಯ ಅಂಚಿನಲ್ಲಿ. ಹೊಳೆಯಬೇಕಾದ ಕಡೆಯೆಲ್ಲ ತೂತು. ಕಪ್ಪು ಗೆರೆಯ ಪಕ್ಕದಲ್ಲೇ ತೂತಿನ ಸಾಲು ಬಂದರೆ ತೋಳು ಎದೆಯಿಂದ ಬೇರೆಯಾಗಿ ಕಾಣುತ್ತದೆ. ನೆರಳುಬೆಳಕಿನ ಛಾಯೆ ತುಂಬದೆ, ಬರಿಯ ತೂತುಗಳಿಂದ ಒಂದರ ಮುಂದೆ ಒಂದನ್ನು ನಿಲ್ಲಿಸುವ ಉಪಾಯ ಇದು. ತೂತುಗಳು ಒಂದಕ್ಕೊಂದು ತೀರ ಹತ್ತಿರವಾದರೆ ತೊಗಲು ಅಲ್ಲೇ ಸೀಳಿಹೋಗುತ್ತದೆ, ದೂರವಾದರೆ ಸಾಲು ಸಾಲಾಗಿ ಕಾಣುವುದಿಲ್ಲ. ಅಳತೆಪಟ್ಟಿ ಹಿಡಿಯದೆ, ಕಣ್ಣಂದಾಜಿನಲ್ಲೇ ಆ ಅಂತರ ಸಮನಾಗಿ ಬರುತ್ತದೆ.

ಬಣ್ಣವನ್ನು ತೊಗಲಿನ ಎರಡೂ ಕಡೆ ಹಚ್ಚುತ್ತಾರೆ. ಒಂದೇ ಗೊಂಬೆ ಎಡಕ್ಕೂ ತಿರುಗಬೇಕು, ಬಲಕ್ಕೂ ತಿರುಗಬೇಕು. ಹಿಂದೆ ಗಿಡಮೂಲಿಕೆಯ ಬಣ್ಣ, ದೀಪದ ಮಸಿ ಬಳಸುತ್ತಿದ್ದರು. ಈಗ ಅಂಗಡಿಯ ಬಣ್ಣಗಳೂ ಬಂದಿವೆ. ಹಳೆಯ ಗೊಂಬೆಗಳ ಬಣ್ಣಕ್ಕೆ ವರ್ಷಗಟ್ಟಲೆ ಎಣ್ಣೆದೀಪದ ಹೊಗೆ ಸೇರಿ ಒಂದು ಕಂದು ಬಂದಿರುತ್ತದೆ. ಹೊಸದಾಗಿ ಬರೆಯುವವರು ಆ ಕಂದನ್ನೇ ಮೂಲ ಬಣ್ಣವೆಂದು ತಿಳಿಯಬಾರದು.

ಕೊನೆಗೆ ಕೀಲು. ಗೊಂಬೆಯ ನಡುವೆ ಉದ್ದಕ್ಕೆ ಸೀಳಿದ ಬಿದಿರು ಕಡ್ಡಿ ಕಟ್ಟುತ್ತಾರೆ, ಅದೇ ಬೆನ್ನೆಲುಬು. ಭುಜ, ಮೊಣಕೈಗಳನ್ನು ಬೇರೆ ಬೇರೆ ತುಂಡುಗಳಾಗಿ ಕತ್ತರಿಸಿ, ದಾರ ಪೋಣಿಸಿ ಗಂಟು ಹಾಕುತ್ತಾರೆ. ಯಾವ ಪಾತ್ರಕ್ಕೆ ಎಷ್ಟು ಕೀಲು ಎಂಬುದೂ ಪಾತ್ರದ ಗುಣಕ್ಕೆ ಸೇರಿದ್ದು. ಗಂಭೀರ ದೊರೆಗೆ ಒಂದು ಕೈ ಆಡಿದರೆ ಸಾಕು. ನರ್ತಕಿಗೆ ಕುತ್ತಿಗೆಯೂ ಸೊಂಟವೂ ಆಡಬೇಕು. ಇನ್ನು ಕೆಲವು ತೊಗಲುಗಳಲ್ಲಿ ಕೀಲೇ ಇಲ್ಲ. ಅಶೋಕವನದ ಸೀತೆ, ರಾಮನ ಪಟ್ಟಾಭಿಷೇಕದಂಥ ಇಡೀ ಸನ್ನಿವೇಶವನ್ನೇ ಒಂದೇ ತೊಗಲಿನಲ್ಲಿ, ಮರಗಿಡ, ಪರಿವಾರ ಸಮೇತ ಬರೆದಿರುತ್ತಾರೆ. ಮುಖ್ಯ ಪಾತ್ರಗಳಿಗೆ ಒಂದೇ ಗೊಂಬೆ ಸಾಲುವುದಿಲ್ಲ. ಅರಮನೆಯ ರಾಮ ಬೇರೆ, ನಾರುಮಡಿಯ ರಾಮ ಬೇರೆ, ಬಾಣ ಹೂಡಿದ ರಾಮ ಬೇರೆ. ಬಟ್ಟೆ ಬದಲಾದೀತು, ನಿಲುವು ಬದಲಾದೀತು, ಹಣೆಯಿಂದ ಗದ್ದದವರೆಗಿನ ಗೆರೆ ಬದಲಾಗುವಂತಿಲ್ಲ. ಒಂದೇ ಪಾತ್ರವನ್ನು ಹತ್ತು ಸಲ ಬರೆದರೂ ಹತ್ತೂ ಅವನೇ ಆಗಿರಬೇಕೆಂಬ ಕಷ್ಟ ಚಿತ್ರಕಥೆ ಬರೆಯುವ ಯಾರಿಗೂ ತಪ್ಪಿದ್ದಲ್ಲ.

ಈ ಗೆರೆಯ ನೆಂಟಸ್ತಿಕೆ ಹುಡುಕುತ್ತ ಹೋದರೆ ಹಂಪಿಗೆ ಬರುತ್ತೇವೆ. ವಿರೂಪಾಕ್ಷ ಗುಡಿಯ ರಂಗಮಂಟಪದ ಮೇಲ್ಛಾವಣಿಯಲ್ಲಿ ಗಿರಿಜಾಕಲ್ಯಾಣ, ಅರ್ಜುನನ ಮತ್ಸ್ಯಭೇದನ, ವಿದ್ಯಾರಣ್ಯರ ಮೆರವಣಿಗೆ ಬರೆದಿದ್ದಾರೆ. ಅಲ್ಲೂ ಪಕ್ಕಕ್ಕೆ ತಿರುಗಿದ ಮುಖ, ಉದ್ದ ಕಣ್ಣು, ಒಂದೇ ಕಡೆಗೆ ನಡೆಯುವ ಪಾದ. ಲೇಪಾಕ್ಷಿಯ ಚಿತ್ರಗಳಲ್ಲೂ ಅದೇ ಬಗೆ. ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಬೇಕು, ಬೇರೆ ದಾರಿಯಿಲ್ಲ. ಪುಸ್ತಕದ ಫೋಟೋದಲ್ಲಿ ಸಣ್ಣ ಗೆರೆಗಳು ಕಳೆದುಹೋಗುತ್ತವೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಕರ್ನಾಟಕದ ಹಳೆಯ ತೊಗಲುಗೊಂಬೆಗಳ ದೊಡ್ಡ ಸಂಗ್ರಹವಿದೆ. ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಅವರು ಈ ಗೊಂಬೆಗಳನ್ನು ಕೂಡಿಸಿ, ಅವುಗಳ ಬಗ್ಗೆ ಬರೆದೂ ಇಟ್ಟರು. ಬೇರೆ ಬೇರೆ ಊರಿನ ಒಂದೇ ಪಾತ್ರವನ್ನು ಅಕ್ಕಪಕ್ಕ ನೋಡಿದರೆ ಯಾವ ಗೆರೆ ಎಲ್ಲರಿಗೂ ಸಮಾನ, ಯಾವುದು ಒಂದು ಮನೆತನದ್ದು ಎಂಬುದು ಬಿಡಿಸಿ ಕಾಣುತ್ತದೆ.

ಮಾದರಿ ಒಂದೇ ಬಗೆಯದಾದರೆ ಕೈ ಕಟ್ಟಿಹಾಕಿದಂತಾಗುತ್ತದೆ. ಕಲಬುರಗಿಯ ಎಸ್.ಎಂ. ಪಂಡಿತ್ (1916–1993) ಪುರಾಣದ ಪಾತ್ರಗಳಿಗೆ ಮಾಂಸಖಂಡ, ಮೈಬಣ್ಣ, ಬಟ್ಟೆಯ ಮಡಿಕೆಗಳನ್ನು ತುಂಬಿ ಬರೆದರು. ‘ಚಂದಮಾಮ’ದ ಮುಖಪುಟಗಳಿಗೆ ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಚಿತ್ರಗಳು ಒಂದು ತಲೆಮಾರಿನ ಮಕ್ಕಳ ಕಣ್ಣಲ್ಲಿ ಭೀಮನನ್ನೂ ಕರ್ಣನನ್ನೂ ನಿಲ್ಲಿಸಿದವು. ಅವರ ಭೀಮನನ್ನೂ ತೊಗಲಿನ ಭೀಮನನ್ನೂ ಒಟ್ಟಿಗೆ ಇಟ್ಟು, ಎರಡರ ಹೊರ ಅಂಚನ್ನು ಮಾತ್ರ ಎತ್ತಿಕೊಂಡು ಒಳಗೆ ಪೂರಾ ಕಪ್ಪು ತುಂಬಿ ನೋಡಬೇಕು. ಬಣ್ಣದ ಚಿತ್ರದಲ್ಲಿ ಎಷ್ಟು ಭಾಗ ಅಂಚಿನಿಂದ ಬಂದದ್ದು, ಎಷ್ಟು ಒಳಗಿನ ಛಾಯೆಯಿಂದ ಬಂದದ್ದು ಎಂಬುದು ಆಗ ಸ್ಪಷ್ಟವಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಮಾದರಿ ಜೀವಂತ ಜನ. ದೇವದುರ್ಗದ ಸಂತೆಯಲ್ಲೋ ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲೋ ಒಂದು ತಾಸು ಕೂತರೆ ರುಮಾಲು ಸುತ್ತಿದವರು, ತಲೆಮೇಲೆ ಗಂಟು ಹೊತ್ತವರು, ಕಂಬಳಿ ಹೆಗಲಿಗೆ ಹಾಕಿದವರು, ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡವರು ಎದುರಿಗೇ ಹಾದುಹೋಗುತ್ತಾರೆ. ಸಂಜೆ ಬಿಸಿಲು ಅವರ ಬೆನ್ನಿಗಿದ್ದಾಗ ನೋಡಿದರೆ ಮುಖ ಕಾಣದು, ನಿಲುವು ಮಾತ್ರ ಕಾಣುತ್ತದೆ. ಬರೆದುಕೊಳ್ಳಬೇಕಾದದ್ದು ಅದನ್ನೇ.

ಬಳ್ಳಾರಿಯ ಬೆಳಗಲ್ಲು ವೀರಣ್ಣ ಅವರ ಕೆಲಸ ಇಲ್ಲಿ ನೆನಪಾಗುತ್ತದೆ. ರಂಗಭೂಮಿಯಿಂದ ತೊಗಲುಗೊಂಬೆಗೆ ಬಂದ ಅವರು 2023ರಲ್ಲಿ ತೀರಿಕೊಂಡರು. ಪುರಾಣದ ಆಚೆಗೆ ಹೋಗಿ ಸ್ವಾತಂತ್ರ್ಯ ಹೋರಾಟವನ್ನೂ ಗಾಂಧೀಜಿಯ ಬದುಕನ್ನೂ ಅವರು ಪರದೆಗೆ ತಂದರು. ರಾಮನಿಗೆ ತಲೆಮಾರುಗಳ ಮಾದರಿ ಇತ್ತು. ಗಾಂಧೀಜಿಗೆ ಅಂಥ ಹಳೆಯ ಗೊಂಬೆ ಯಾವುದೂ ಇರಲಿಲ್ಲ. ಫೋಟೋದಲ್ಲಿ ಕಂಡ ಮನುಷ್ಯನನ್ನು ತೊಗಲಿನ ಗೆರೆಗೆ ಇಳಿಸುವುದೆಂದರೆ ಆರಿಸುವ ಕೆಲಸ. ಬೋಳು ತಲೆ, ಮುಂದೆ ಬಂದ ಕಿವಿ, ದುಂಡು ಕನ್ನಡಕ, ಮೊಣಕಾಲಿಗೆ ನಿಂತ ಪಂಚೆ, ಕೈಯ ಕೋಲು, ಸ್ವಲ್ಪ ಮುಂದಕ್ಕೆ ಬಾಗಿದ ಬೆನ್ನು. ಕಿರೀಟವಿಲ್ಲ, ಒಡವೆಯಿಲ್ಲ, ತೂತು ಹೊಡೆಯಲು ಜಾಗವೇ ಕಡಿಮೆ. ಹೊಸ ಪಾತ್ರ ಕಟ್ಟಹೊರಟವರು ಮೊದಲು ಇಂಥ ಆರೇಳು ಗುರುತುಗಳನ್ನು ಬರೆದಿಟ್ಟುಕೊಂಡು, ಒಂದೊಂದನ್ನೇ ತೆಗೆದು ನೋಡಬಹುದು. ಕೋಲು ತೆಗೆದರೂ ಅವರೇ ಕಾಣುತ್ತಾರೆ, ಕನ್ನಡಕ ತೆಗೆದರೂ ಕಾಣುತ್ತಾರೆ. ಬಾಗಿದ ಬೆನ್ನನ್ನು ನೆಟ್ಟಗೆ ಮಾಡಿದರೆ ಪರದೆಯ ಮೇಲೆ ಬೇರೆ ಯಾರೋ ನಿಂತಿರುತ್ತಾರೆ.