ನಕ್ಕ ಕೂಡಲೇ ಮೊಣಕಾಲು ಕುಸಿದರೆ

ವಲೀಮಾದ ಮನೆಯಲ್ಲಿ ಯಾರೋ ತಮಾಷೆ ಮಾಡುತ್ತಾರೆ, ಎಲ್ಲರೂ ನಗುತ್ತಾರೆ. ನಿಮ್ಮ ಮಗಳ ಕತ್ತು ಮಾತ್ರ ವಾಲುತ್ತದೆ, ದವಡೆ ಜೋತುಬೀಳುತ್ತದೆ, ಮೊಣಕಾಲು ಮಡಿದು ಕುಸಿಯುತ್ತಾಳೆ. ಒಂದೆರಡು ನಿಮಿಷದೊಳಗೆ ತಾನಾಗಿಯೇ ಏಳುತ್ತಾಳೆ. ಅಷ್ಟರಲ್ಲಿ ಒಬ್ಬರು ಫಿಟ್ಸ್ ಎಂದು ಕೈಗೆ ಕಬ್ಬಿಣದ ಕೀಲಿ ಹಿಡಿಸಿರುತ್ತಾರೆ, ಇನ್ನೊಬ್ಬರು ಜಿನ್ನ್ ಹಿಡಿದಿದೆ ಎಂದಿರುತ್ತಾರೆ. ಆ ಮಾತೆಲ್ಲ ಅವಳಿಗೆ ಕೇಳಿಸಿರುತ್ತದೆ. ಈ ಕಾಯಿಲೆಯ ಗುರುತೇ ಅದು: ಪ್ರಜ್ಞೆ ಇರುತ್ತದೆ, ಸ್ನಾಯುಗಳ ಬಲ ಮಾತ್ರ ಹೋಗುತ್ತದೆ.

ಇದರ ಹೆಸರು ಕ್ಯಾಟಪ್ಲೆಕ್ಸಿ. ನಾರ್ಕೊಲೆಪ್ಸಿ ಎಂಬ ನಿದ್ರಾರೋಗದ ಒಂದು ಲಕ್ಷಣ. ಹಗಲಲ್ಲಿ ತಡೆಯಲಾಗದ ನಿದ್ದೆ ಇನ್ನೊಂದು. ಸಾಮಾನ್ಯವಾಗಿ ಹರೆಯದಲ್ಲಿ ಶುರುವಾಗುತ್ತದೆ. ಫಜ್ರ್‌ಗೆ ಏಳದೆ, ತರಗತಿಯಲ್ಲೂ ತೂಕಡಿಸುವ ಹುಡುಗನನ್ನು ಸೋಮಾರಿ ಎಂದು ಬೈಯುವ ಮುನ್ನ ಇದನ್ನೂ ಯೋಚಿಸಿ.

ಕನಸು ಬೀಳುವ ನಿದ್ದೆಯಲ್ಲಿ ಮೆದುಳು ನಮ್ಮ ಕೈಕಾಲುಗಳನ್ನು ಸಡಿಲಗೊಳಿಸುತ್ತದೆ. ಇಲ್ಲವಾದರೆ ಕನಸಿನಲ್ಲಿ ಓಡುವಾಗ ನಿಜವಾಗಿಯೂ ಎದ್ದು ಓಡುತ್ತಿದ್ದೆವು! ಎಚ್ಚರವಿದ್ದಾಗ ಹಾಗಾಗದಂತೆ ಕಾಯುವುದು ಒರೆಕ್ಸಿನ್. 1998ರಲ್ಲಿ ಪತ್ತೆಯಾದ ಈ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಈ ರೋಗಿಗಳಲ್ಲಿ ಬಹುಪಾಲು ನಾಶವಾಗಿರುತ್ತವೆ. ಆಗ ಜೋರು ನಗು, ಅಚ್ಚರಿ, ಕೆಲವೊಮ್ಮೆ ಸಿಟ್ಟು ಬಂದೊಡನೆ ಎಚ್ಚರದಲ್ಲೇ ಸ್ನಾಯುಗಳು ಸಡಿಲಾಗುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ನಗುವೇ ಕಾರಣ. ಹೀಗಾಗಿ ಎಷ್ಟೋ ಮಕ್ಕಳು ನಗುವುದನ್ನೇ ಬಿಟ್ಟುಬಿಡುತ್ತಾರೆ.

ನಮ್ಮ ಯುನಾನಿಯ ಅಸ್ಬಾಬೆ ಸಿತ್ತಾ ಜರೂರಿಯಾದಲ್ಲಿ, ಅಂದರೆ ಆರೋಗ್ಯಕ್ಕೆ ಬೇಕಾದ ಆರು ಸಂಗತಿಗಳಲ್ಲಿ, ನಿದ್ರೆ-ಎಚ್ಚರವೂ ಇದೆ, ಮನಸ್ಸಿನ ಭಾವನೆಗಳೂ ಇವೆ. ಆದರೂ ಹೇಳಿಬಿಡುತ್ತೇನೆ, ಸತ್ತ ಜೀವಕೋಶವನ್ನು ಯಾವ ಮಾಜೂನೂ ಮರಳಿ ತರುವುದಿಲ್ಲ. ಇಂಥವರು ನರರೋಗ ತಜ್ಞರನ್ನೇ ಕಾಣಬೇಕು. ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಾಗ ಬೆಂಗಳೂರು; ಅಲ್ಲಿ ನಿಮ್ಹಾನ್ಸ್ ಇದೆ. ಕುಸಿದಾಗಿನ ದೃಶ್ಯವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ, ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ರಾತ್ರಿ ನಿದ್ದೆಯನ್ನೂ ಮರುದಿನ ಹಗಲು ನಿದ್ದೆಯನ್ನೂ ಯಂತ್ರದಿಂದ ಅಳೆದು ಕಾಯಿಲೆಯನ್ನು ಖಚಿತಪಡಿಸುತ್ತಾರೆ. ಪೂರ್ತಿ ವಾಸಿಯಾಗದು, ಮಾತ್ರೆಗಳಿಂದ ಹತೋಟಿಗೆ ಬರುತ್ತದೆ.

ಅಲ್ಲಿಯವರೆಗೆ ಎಚ್ಚರ ಬೇಕು. ಕಂಪ್ಲಿಯ ಹೊಳೆಯಲ್ಲಾಗಲಿ ಕಾಲುವೆಯಲ್ಲಾಗಲಿ ಒಬ್ಬರೇ ಈಜಬಾರದು. ಹಂಪಿಯ ಬಂಡೆಗಳ ಮೇಲೆ ಗೆಳೆಯರ ಜೊತೆ ನಗುತ್ತ ಹತ್ತುವುದೂ ಅಪಾಯವೇ. ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುವವರಾದರೆ ವೈದ್ಯರು ಒಪ್ಪುವವರೆಗೆ ಸ್ಟೇರಿಂಗ್ ಮುಟ್ಟಬೇಡಿ. ಕುಸಿದವರನ್ನು ಮೆಲ್ಲಗೆ ಮಲಗಿಸಿ, ಬಾಯಿಗೆ ನೀರು ಹಾಕಬೇಡಿ, ಸುಮ್ಮನೆ ಪಕ್ಕದಲ್ಲಿರಿ. ರಮಝಾನಿನಲ್ಲಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಹಠಾತ್ತನೆ ಬಿಟ್ಟರೆ ಕುಸಿತ ಮೊದಲಿಗಿಂತ ಹೆಚ್ಚಾಗಬಹುದು. ಸಹರಿ-ಇಫ್ತಾರಿಗೆ ಹೊಂದಿಸಲಾಗುತ್ತದೆಯೇ ಎಂದು ತಿಂಗಳು ಮೊದಲೇ ವೈದ್ಯರನ್ನು ಕೇಳಿ.